ಹಿಮ ಬೀಳುವ ಕಡೆ ಕಲ್ಲಿನ ಮೆಟ್ಟಿಲು: ಕಲ್ಲಿಗಿಂತ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ: ನಾವಿರುವ ಕಡೆ ವರ್ಷಕ್ಕೆ ನಾಲ್ಕು ತಿಂಗಳು ಹಿಮ. ಮುಂಬಾಗಿಲ ಎದುರಿನ ಕಟ್ಟೆ ಕಾಲುದಾರಿಗಿಂತ 90 ಸೆಂ.ಮೀ. ಎತ್ತರದಲ್ಲಿದೆ. ಈಗಿರುವ ಕಾಂಕ್ರೀಟ್ ಮೆಟ್ಟಿಲು ಬಿರುಕು ಬಿಟ್ಟು ಒಂದು ಕಡೆ ಎದ್ದಿದೆ. ಹೋದ ಚಳಿಗಾಲದಲ್ಲಿ ನಮ್ಮ ತಂದೆ (72 ವರ್ಷ) ಅಲ್ಲೇ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಈಗ ಕಲ್ಲಿನ ಮೆಟ್ಟಿಲು ಮಾಡಿಸೋಣ ಅಂತಿದ್ದೇವೆ. ಒಬ್ಬ ಕಂಟ್ರಾಕ್ಟರ್ ಹಳೆ ಕಾಂಕ್ರೀಟಿನ ಮೇಲೆ 2 ಸೆಂ.ಮೀ. ದಪ್ಪದ ಪಾಲಿಶ್ ಗ್ರಾನೈಟ್ ಅಂಟಿಸಿಕೊಡುತ್ತೇನೆ ಅನ್ನುತ್ತಾರೆ. ಇನ್ನೊಬ್ಬರು ಎಲ್ಲ ಒಡೆದು, ಜಲ್ಲಿ ತುಂಬಿ, ಅದರ ಮೇಲೆ ಇಡೀ ಕಲ್ಲುಗಳನ್ನೇ ಕೂರಿಸೋಣ ಅನ್ನುತ್ತಾರೆ. ಸಿಮೆಂಟೇ ಬೇಡವಂತೆ! ಯಾರ ಮಾತು ಕೇಳಬೇಕು? ಮಂಜುಗಡ್ಡೆಗೆ ಉಪ್ಪು ಹಾಕಬಹುದಾ?

ಉತ್ತರ: ಎರಡನೆಯವರ ಮಾತು ಕೇಳಿ. ಸಿಮೆಂಟ್ ಬೇಡ ಅಂದಿದ್ದಕ್ಕೆ ಗಾಬರಿಯಾಗಬೇಡಿ, ಅವರಿಗೆ ಕೆಲಸ ಗೊತ್ತಿದೆ ಅನ್ನುವುದಕ್ಕೆ ಅದೇ ಗುರುತು.

ನಿಮ್ಮ ಹಳೆ ಮೆಟ್ಟಿಲು ಯಾಕೆ ಎದ್ದಿತು ಅನ್ನುವುದು ಮೊದಲು ಅರ್ಥವಾಗಬೇಕು. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೆ ನೆಲವನ್ನು ಎತ್ತುವುದು ಬರೀ ಈ ಹಿಗ್ಗುವಿಕೆ ಅಲ್ಲ. ಮೇಲಿನ ಮಣ್ಣು ಹೆಪ್ಪುಗಟ್ಟುತ್ತಾ ಹೋದ ಹಾಗೆ, ದೀಪದ ಬತ್ತಿ ಎಣ್ಣೆ ಎಳೆದುಕೊಂಡಂತೆ ಕೆಳಗಿನ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಂದ ನೀರು ಅಲ್ಲೇ ಹೆಪ್ಪುಗಟ್ಟಿ ತೆಳ್ಳನೆಯ ಮಂಜಿನ ಪದರವಾಗುತ್ತದೆ. ಅದಕ್ಕೆ ಇನ್ನಷ್ಟು ನೀರು ಸೇರುತ್ತದೆ, ಪದರ ದಪ್ಪವಾಗುತ್ತದೆ. ಚಳಿ ಮುಗಿಯುವಷ್ಟರಲ್ಲಿ ಮೇಲಿರುವ ಭಾರವನ್ನೆಲ್ಲ ಎತ್ತಿಬಿಟ್ಟಿರುತ್ತದೆ. ಎಲ್ಲ ಕಡೆ ಒಂದೇ ಸಮ ಎತ್ತಿದ್ದರೆ ಪರವಾಗಿರಲಿಲ್ಲ, ಒಂದು ಮೂಲೆ ಎತ್ತಿ ಇನ್ನೊಂದನ್ನು ಬಿಡುತ್ತದೆ. ಕಾಂಕ್ರೀಟಿಗೆ ಬಗ್ಗುವ ಗುಣವಿಲ್ಲ, ಸೀಳುತ್ತದೆ.

ಇದಕ್ಕೆ ಮೂರು ಸೇರಬೇಕು: ಚಳಿ, ನೀರು, ನೀರನ್ನು ಎಳೆಯುವ ಮಣ್ಣು. ಚಳಿಯನ್ನು ನಾವೇನೂ ಮಾಡಲಾಗದು. ಉಳಿದ ಎರಡನ್ನು ತೆಗೆಯಬಹುದು. ಜಲ್ಲಿ ಮಾಡುವುದು ಇದನ್ನೇ. ಜಲ್ಲಿಯ ಸಂದು ದೊಡ್ಡದು, ಅದರಲ್ಲಿ ನೀರು ಮೇಲಕ್ಕೆ ಏರುವುದಿಲ್ಲ, ಬಂದ ನೀರು ಕೆಳಗಿಳಿದು ಹೋಗುತ್ತದೆ.

ನಿಮ್ಮ ಮಣ್ಣು ಎಂಥದ್ದು ಅಂತ ಮನೆಯಲ್ಲೇ ನೋಡಬಹುದು. ಒಂದಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿಸಿ, ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲೇ ತಳ ಸೇರುತ್ತದೆ. ಹೂಳಿನಂಥ ನಯವಾದ ಮಣ್ಣು ಇಳಿಯಲು ಕೆಲವು ಗಂಟೆ ಬೇಕು. ಜೇಡಿಯಾದರೆ ಮಾರನೇ ದಿನವೂ ನೀರು ಕದಡಿಕೊಂಡೇ ಇರುತ್ತದೆ. ನಡುವಿನ ಆ ನಯವಾದ ಪದರ ದಪ್ಪಗಿದ್ದರೆ ಹುಷಾರು. ನೆಲ ಎತ್ತುವುದರಲ್ಲಿ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ನನಗೂ ಹಾಗೇ ಬಂದಿದ್ದು. ಶುರುವಿನಲ್ಲಿ ಒಂದು ಮನೆಗೆ ಒಳ್ಳೇ ಕಲ್ಲಿನ ಮೆಟ್ಟಿಲು ಮಾಡಿದ್ದೆ. ಕೆಳಗೆ ಒಂದಡಿ ಜಲ್ಲಿ ತುಂಬಿದ್ದೆ, ಚೆನ್ನಾಗಿ ದಮ್ಮಸು ಮಾಡಿದ್ದೆ. ಆದರೆ ಸುತ್ತ ಜೇಡಿಮಣ್ಣು, ನೀರು ಹೊರಗೆ ಹೋಗಲು ದಾರಿಯನ್ನೇ ಕೊಟ್ಟಿರಲಿಲ್ಲ. ಜಲ್ಲಿ ತುಂಬಿದ ಗುಂಡಿ ನೀರಿನ ತೊಟ್ಟಿಯಾಯಿತು. ಎರಡನೇ ಚಳಿಗಾಲ ಮುಗಿದು ಹೋಗಿ ನೋಡಿದರೆ ಮೂರನೇ ಮೆಟ್ಟಿಲು ಒಂದು ಬದಿಯಲ್ಲಿ 2 ಸೆಂ.ಮೀ. ಎದ್ದು ನಿಂತಿತ್ತು. ಎಲ್ಲ ಕಿತ್ತು, ನನ್ನ ಕೈಯಿಂದಲೇ ಖರ್ಚು ಹಾಕಿ ಮತ್ತೆ ಮಾಡಿದೆ. ಆಮೇಲೆ ಯಾವ ಗುಂಡಿ ತೋಡಿದರೂ ಮೊದಲು ಕೇಳುವುದು ಒಂದೇ: ಇಲ್ಲಿ ಬಿದ್ದ ನೀರು ಎಲ್ಲಿಗೆ ಹೋಗುತ್ತೆ?

ಹಾಗಾಗಿ ನಿಮ್ಮ ಕಂಟ್ರಾಕ್ಟರಿಗೂ ಅದನ್ನೇ ಕೇಳಿ. ಗುಂಡಿಯ ತಳ ಮನೆಯಿಂದ ಹೊರಕ್ಕೆ ಇಳಿಜಾರಾಗಿರಬೇಕು. ತಳದಲ್ಲಿ ತೂತಿನ ಪೈಪ್ ಮಲಗಿಸಿ, ಅದರ ಬಾಯಿ ತಗ್ಗಾದ ಜಾಗದಲ್ಲಿ ತೆರೆದುಕೊಳ್ಳಬೇಕು. ಮಣ್ಣಿಗೂ ಜಲ್ಲಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರನ್ನು ಬಿಟ್ಟು ಮಣ್ಣನ್ನು ತಡೆಯುವಂಥದ್ದು) ಹಾಸಬೇಕು. ಅದಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಮಣ್ಣು ಜಲ್ಲಿಯ ಸಂದಿಗೆ ನುಗ್ಗಿ, ಮತ್ತೆ ಬತ್ತಿಯ ಕತೆ ಶುರುವಾಗುತ್ತದೆ.

ಜಲ್ಲಿ ಒಡೆದ ಕಲ್ಲಿನದ್ದೇ ಆಗಬೇಕು, 20 ಮಿ.ಮೀ. ಆಸುಪಾಸಿನದು, ಪುಡಿ ಇಲ್ಲದ್ದು. ಹೊಳೆಯ ಉರುಟು ಕಲ್ಲು ನೋಡಲು ಚೆಂದ, ಭಾರ ಬಿದ್ದರೆ ಗೋಲಿಯ ಹಾಗೆ ಉರುಳುತ್ತದೆ. ಮೂಲೆಯಿರುವ ಜಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಕನಿಷ್ಠ 30 ಸೆಂ.ಮೀ. ತುಂಬಿಸಿ. ಮಣ್ಣು ಹೂಳಿನದ್ದಾಗಿದ್ದರೆ, ಚಳಿ ಆಳಕ್ಕೆ ಇಳಿಯುವ ಜಾಗವಾಗಿದ್ದರೆ ಇನ್ನೂ ಜಾಸ್ತಿ. ಒಂದೇ ಸಲ ಸುರಿದು ಮೇಲಿಂದ ಮೆಷಿನ್ ಓಡಿಸಿದರೆ ಅಡಿಯದ್ದು ಸಡಿಲವಾಗಿಯೇ ಉಳಿಯುತ್ತದೆ. 10 ಸೆಂ.ಮೀ. ಹಾಕಿ, ದಮ್ಮಸು ಮಾಡಿ, ಮತ್ತೆ 10 ಸೆಂ.ಮೀ. ಹಾಕಬೇಕು. ಕಲ್ಲು ಕೂರಿಸಲು ಮೇಲೆ 2-3 ಸೆಂ.ಮೀ. ಸಣ್ಣ ಜಲ್ಲಿ ಸಾಕು. ಅಲ್ಲಿ ಕಲ್ಲುಪುಡಿ ಹಾಕುವವರಿದ್ದಾರೆ. ಸಮ ಮಾಡಲು ಸುಲಭ ನಿಜ, ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ.

ಹೆಪ್ಪುಗಟ್ಟುವ ಆಳದ ಕೆಳಗಿನವರೆಗೂ ಕಾಂಕ್ರೀಟ್ ಪಾಯ ಇಳಿಸುವುದು ಇನ್ನೊಂದು ದಾರಿ. ತುಂಬಾ ಚಳಿಯ ಕಡೆ ಅದು ಒಂದೂವರೆ ಮೀಟರಿಗೂ ಮೀರಬಹುದು. ಎತ್ತರದ ಮೆಟ್ಟಿಲ ಸಾಲಿಗೆ, ಗೋಡೆಗೆ ಹೊಂದಿಕೊಂಡ ಮೆಟ್ಟಿಲಿಗೆ ಅದು ಬೇಕಾಗುತ್ತದೆ. ನಿಮ್ಮ ಆರು ಮೆಟ್ಟಿಲಿಗೆ ಅಷ್ಟೆಲ್ಲ ಬೇಡ. ಒಂದೊಂದು ಕಲ್ಲೂ ಬಿಡಿಬಿಡಿಯಾಗಿರುವುದರಿಂದ ನೆಲ ಸ್ವಲ್ಪ ಮಿಸುಕಿದರೆ ಕಲ್ಲೂ ಮಿಸುಕುತ್ತದೆ, ಒಡೆಯುವುದಿಲ್ಲ. ಐದು ವರ್ಷಕ್ಕೊಮ್ಮೆ ಯಾವುದಾದರೂ ಕಲ್ಲು ವಾಲಿದರೆ ಹಾರೆಯಿಂದ ಎತ್ತಿ ಎರಡು ಹಿಡಿ ಜಲ್ಲಿ ತಳ್ಳಿದರೆ ಮುಗಿಯಿತು.

ಈಗ ಮೊದಲ ಕಂಟ್ರಾಕ್ಟರ್ ಹೇಳಿದ್ದು. ಮೇಲೆ ಥಳಕು, ಒಳಗೆ ಹುಳುಕು ಅಂದರೆ ಅದೇ. ಬಿರುಕು ಬಿಟ್ಟ, ಎದ್ದ ಕಾಂಕ್ರೀಟಿನ ಮೇಲೆ ಏನು ಅಂಟಿಸಿದರೂ ಕೆಳಗಿನ ನೆಲ ಮತ್ತೆ ಎತ್ತುತ್ತದೆ. ಕಾಂಕ್ರೀಟ್ ಹೊಸದೇ ಆದರೂ ತೆಳು ಚಪ್ಪಡಿಯ ಸಂದುಗಳಿಂದ ನೀರು ಒಳಗೆ ಹೋಗುತ್ತದೆ, ಚಪ್ಪಡಿಗೂ ಗಾರೆಗೂ ನಡುವೆ ನಿಲ್ಲುತ್ತದೆ, ಹೆಪ್ಪುಗಟ್ಟಿ ಚಪ್ಪಡಿಯನ್ನು ಎಬ್ಬಿಸುತ್ತದೆ. ಹೀಗೆ ಮಾಡಿದ ಮೆಟ್ಟಿಲು ಎಲ್ಲಾದರೂ ಕಂಡರೆ ಒಂದು ನಾಣ್ಯದಿಂದ ಅಲ್ಲಲ್ಲಿ ತಟ್ಟಿ ನೋಡಿ. ಹಿಡಿದುಕೊಂಡ ಕಡೆ ಟಣ್ ಅನ್ನುತ್ತದೆ. ಬಿಟ್ಟುಕೊಂಡ ಕಡೆ ಡಬ್ಬದ ಹಾಗೆ ಟೊಳ್ಳು ಸದ್ದು. ಇನ್ನು ಪಾಲಿಶ್ ಕಲ್ಲು ಹೊರಗಿನ ಮೆಟ್ಟಿಲಿಗೆ ಬೇಡವೇ ಬೇಡ. ಒದ್ದೆಯಾದರೇ ಸಾಕು, ಹಿಮ ಬೇಕಿಲ್ಲ. ತಂದೆಯವರು ಒಮ್ಮೆ ಬಿದ್ದಿದ್ದಾರೆ ಅನ್ನುತ್ತೀರಿ. ಈ ವಿಷಯದಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಯಾವ ಕಲ್ಲು? ನೀರು ಕುಡಿಯದ ಕಲ್ಲು. ಗ್ರಾನೈಟ್, ಬಸಾಲ್ಟ್, ಗಟ್ಟಿ ಕ್ವಾರ್ಟ್ಸೈಟ್ ಒಳ್ಳೆಯವು. ಮರಳುಗಲ್ಲಿನಲ್ಲಿ ಒಳ್ಳೆಯದೂ ಇದೆ, ಮೂರೇ ಚಳಿಗಾಲಕ್ಕೆ ಸಿಪ್ಪೆ ಏಳುವುದೂ ಇದೆ. ಅನುಮಾನವಿದ್ದರೆ ಒಂದು ತುಂಡು ತನ್ನಿ. ಒಣಗಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಎರಡು ದಿನ ನೀರಲ್ಲಿ ಮುಳುಗಿಸಿಡಿ. ಆಮೇಲೆ ಮೇಲ್ಮೈ ಒರೆಸಿ ಮತ್ತೆ ತೂಗಿ. ಒಳ್ಳೆಯ ಗ್ರಾನೈಟ್ ತನ್ನ ತೂಕದ ಶೇ. 0.4ಕ್ಕಿಂತ ಹೆಚ್ಚು ನೀರು ಕುಡಿಯುವುದಿಲ್ಲ, ಅಂದರೆ 2 ಕೆ.ಜಿ. ತುಂಡಿಗೆ 8 ಗ್ರಾಂ. ನಿಮ್ಮ ತುಂಡು 60-70 ಗ್ರಾಂ ಏರಿದರೆ ಆ ಕಲ್ಲು ಬೇರೆ ಕೆಲಸಕ್ಕಿರಲಿ. ಪದರ ಪದರವಾಗಿರುವ ಕಲ್ಲಾದರೆ ಪದರ ನೆಲಕ್ಕೆ ಸಮವಾಗಿ ಮಲಗಿರಬೇಕು, ಹುಟ್ಟಿದಾಗ ಇದ್ದ ಹಾಗೆ. ನಿಲ್ಲಿಸಿಟ್ಟರೆ ಪದರಗಳ ನಡುವೆ ನೀರು ಇಳಿದು, ಪುಸ್ತಕದ ಹಾಳೆ ಬಿಚ್ಚಿದಂತೆ ಬಿಚ್ಚುತ್ತದೆ.

ಮೇಲ್ಮೈ ಒರಟಾಗಿರಲಿ. ಬೆಂಕಿ ಹಾಯಿಸಿದ ಗ್ರಾನೈಟ್ ನನಗೆ ಇಷ್ಟ. ಜೋರು ಉರಿ ತಾಗಿದಾಗ ಕಲ್ಲಿನ ಮೇಲ್ಪದರ ಸರಕ್ಕನೆ ಹಿಗ್ಗುತ್ತದೆ. ಅದರೊಳಗಿನ ಬೆಣಚು ಹರಳುಗಳು 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಮ್ಮ ರಚನೆಯನ್ನೇ ಬದಲಿಸಿಕೊಂಡು ಇನ್ನಷ್ಟು ಉಬ್ಬುತ್ತವೆ. ಮೇಲಿನ ಚಕ್ಕೆ ಚಟಪಟ ಸಿಡಿದು ಒರಟು ಮುಖ ಉಳಿಯುತ್ತದೆ. ಉಳಿಯಿಂದ ಚುಚ್ಚಿ ಒರಟು ಮಾಡಿದ್ದೂ ಸರಿ, ಆದರೆ ಗುಳಿ ಆಳವಾಗಬಾರದು. ಆಳವಾದರೆ ಒಂದೊಂದು ಗುಳಿಯಲ್ಲೂ ನೀರು ನಿಂತು ಮಂಜಿನ ಬಿಲ್ಲೆಯಾಗುತ್ತದೆ. ಒಂದು ಮಾತು ನೆನಪಿರಲಿ. ಕಲ್ಲು ಎಷ್ಟೇ ಒರಟಾಗಿರಲಿ, ಅದರ ಮೇಲೆ ಗಟ್ಟಿ ಮಂಜಿನ ಪದರ ಕೂತರೆ ಕಾಲು ತಾಗುವುದು ಮಂಜಿಗೇ ಹೊರತು ಕಲ್ಲಿಗಲ್ಲ. ಆದ್ದರಿಂದ ನೀರು ನಿಲ್ಲದಂತೆ ಮಾಡುವುದೇ ಮುಖ್ಯ. ಒಂದೊಂದು ಮೆಟ್ಟಿಲೂ ಮುಂದಕ್ಕೆ ಶೇ. 2ರಷ್ಟು ಇಳಿಜಾರಿರಲಿ. 38 ಸೆಂ.ಮೀ. ಕಾಲಿಡುವ ಜಾಗಕ್ಕೆ 7-8 ಮಿ.ಮೀ. ಆಗುತ್ತದೆ. ಕಾಲಿಗೆ ಗೊತ್ತಾಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ.

ಈಗ ಅಳತೆಗೆ ಬರೋಣ, ಯಾಕೆಂದರೆ ಬೀಳುವುದು ಬರೀ ಮಂಜಿನಿಂದಲ್ಲ. ಮೆಟ್ಟಿಲ ಎತ್ತರದ ಎರಡರಷ್ಟಕ್ಕೆ ಕಾಲಿಡುವ ಜಾಗ ಸೇರಿಸಿದರೆ ಒಂದು ಹೆಜ್ಜೆಯಷ್ಟಾಗಬೇಕು ಅನ್ನುವ ಲೆಕ್ಕ 17ನೇ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲಾಂಡೆಲ್ ಅವರದು. ಮನೆಯೊಳಗೆ ಅದು ಸುಮಾರು 63-65 ಸೆಂ.ಮೀ. ಹೊರಗೆ ಹೆಜ್ಜೆ ಸ್ವಲ್ಪ ಉದ್ದ, ಚಳಿಗಾಲದ ಬೂಟೂ ದೊಡ್ಡದು. ಅದಕ್ಕೆ ನಾನು 66-68 ಹಿಡಿಯುತ್ತೇನೆ. ನಿಮ್ಮ 90 ಸೆಂ.ಮೀ.ಗೆ ತಲಾ 15ರಂತೆ ಆರು ಏರು, ಕಾಲಿಡುವ ಜಾಗ 38. ವಯಸ್ಸಾದವರಿಗೆ ಇದು ಆರಾಮು.

ಎಲ್ಲ ಏರೂ ಒಂದೇ ಎತ್ತರ ಇರಬೇಕು, ವ್ಯತ್ಯಾಸ ಅರ್ಧ ಸೆಂ.ಮೀ. ದಾಟದಿರಲಿ. ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಕಾಲು ಆ ಅಳತೆ ಕಲಿತುಬಿಡುತ್ತದೆ, ಆಮೇಲೆ ಕಣ್ಣು ನೋಡುವುದಿಲ್ಲ. ಹೇಳುವುದು ಸುಲಭ, ಆದರೆ ಇಲ್ಲೇ ಒಂದು ಲೆಕ್ಕ ತಪ್ಪುತ್ತದೆ, ಪಳಗಿದವರಿಗೂ. ಸರಿಯಾಗಿ 15 ಸೆಂ.ಮೀ. ದಪ್ಪದ ಐದು ಕಲ್ಲು ತರಿಸಿದಿರಿ ಅಂದುಕೊಳ್ಳಿ, ಆರನೇ ಏರು ಕೊನೆಯ ಕಲ್ಲಿನಿಂದ ಕಟ್ಟೆಗೆ. ಕೆಳಗಿನ ಕಲ್ಲು ಮುಂದಕ್ಕೆ ವಾಲಿದೆ, ಅಂದರೆ ಹಿಂಬದಿ 7-8 ಮಿ.ಮೀ. ಎತ್ತರ. ಮುಂದಿನ ಕಲ್ಲು ಕೂರುವುದು ಆ ಹಿಂಬದಿಯ ಮೇಲೆ. ಹಾಗಾಗಿ ಅಂಚಿನಿಂದ ಅಂಚಿಗೆ ಏರು 15 ಅಲ್ಲ, ಸುಮಾರು 15.75. ಐದನೇ ಕಲ್ಲಿನ ಹೊತ್ತಿಗೆ ಒಟ್ಟು 3 ಸೆಂ.ಮೀ. ಜಾಸ್ತಿಯಾಗಿರುತ್ತದೆ. ಕಟ್ಟೆ ಇದ್ದಲ್ಲೇ ಇದೆ, ಕೊನೆಯ ಏರು 12ಕ್ಕೆ ಕುಗ್ಗುತ್ತದೆ. ಕೈಯಲ್ಲಿ ಸಾಮಾನು ಹಿಡಿದು ಬಾಗಿಲಿಗೆ ಬರುವವರು ಎಡವುವುದು ಅಲ್ಲೇ. ಆದ್ದರಿಂದ ಮೇಲಿನ ಕಲ್ಲುಗಳ ದಪ್ಪ 14.25 ಅಂತ ಹೇಳಿ ಕೊಯ್ಯಿಸಿ. ಎಲ್ಲಕ್ಕಿಂತ ಕೆಳಗಿನದು ಮಾತ್ರ ದಪ್ಪವಿರಲಿ, 20 ಸೆಂ.ಮೀ. ಅದರಲ್ಲಿ 5 ನೆಲದೊಳಗೆ ಹೂತು 15 ಮೇಲೆ ಕಾಣಬೇಕು. ಆ 15 ಅಳೆಯುವುದು ಈಗಿನ ಮಣ್ಣಿನಿಂದಲ್ಲ, ಕಾಲುದಾರಿಗೆ ಕಲ್ಲು ಹಾಸಿ ಮುಗಿದ ಮೇಲಿನ ಮಟ್ಟದಿಂದ. ಮೆಟ್ಟಿಲು ಮೊದಲು ಮಾಡಿ ದಾರಿಯನ್ನು ಆಮೇಲೆ ಹಾಸಿದರೆ ಮೊದಲ ಮೆಟ್ಟಿಲು ಅರ್ಧ ಮುಳುಗಿರುತ್ತದೆ. ಇದನ್ನು ನಾನು ಲೆಕ್ಕವಿಲ್ಲದಷ್ಟು ಕಡೆ ನೋಡಿದ್ದೇನೆ.

ಪ್ರತಿ ಕಲ್ಲಿನ ಹಿಂಬದಿ 7 ಸೆಂ.ಮೀ. ಮೇಲಿನ ಕಲ್ಲಿನ ಅಡಿಗೆ ಹೋಗಬೇಕು. ಹಾಗಾಗಿ ಕಲ್ಲಿನ ಅಳತೆ 120 ಉದ್ದ, 45 ಅಗಲ. ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ, ಅಂದರೆ ಒಂದು ಕಲ್ಲು 200 ಕೆ.ಜಿ. ಮೀರುತ್ತದೆ. ನಾಲ್ಕು ಜನ ಸೇರಿ ಎತ್ತೋಣ ಅಂತ ಹೊರಡಬೇಡಿ, ಪಟ್ಟಿ ಕಟ್ಟಿ ಮೆಷಿನ್‌ನಲ್ಲೇ ಇಳಿಸಲಿ. ಇಳಿಸುವಾಗ ಕೆಳಗೆ ಎರಡು ಮರದ ತುಂಡು ಇಟ್ಟಿರಬೇಕು. ಪಟ್ಟಿ ಬಿಚ್ಚಿ, ಹಾರೆ ಕೊಟ್ಟು ಸ್ವಲ್ಪ ಮೀಟಿ, ಆಮೇಲೆ ತುಂಡು ಎಳೆಯುವುದು. ಕೆಲಸ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಒಂದು ಕಲ್ಲು ಕೂತ ಮೇಲೆ ರಸಮಟ್ಟ ಇಟ್ಟು ಅಡ್ಡಕ್ಕೆ ಸಮ, ಮುಂದಕ್ಕೆ ಇಳಿಜಾರು ಅಂತ ನೋಡಿ, ಅದರ ಬೆನ್ನಿಗೆ ಜಲ್ಲಿ ತುಂಬಿ ದಮ್ಮಸು ಮಾಡಿದ ಮೇಲೇ ಮುಂದಿನದು. ಕಲ್ಲಿನ ಮೂಲೆಯ ಮೇಲೆ ನಿಂತು ಮೈಭಾರ ಹಾಕಿ ನೋಡಿ. ಕೊಂಚ ಅಲ್ಲಾಡಿದರೂ ಮತ್ತೆ ಎತ್ತಿಸಿ. ಈಗ ಅಲ್ಲಾಡುವ ಕಲ್ಲು ಮುಂದೆ ತಾನಾಗಿ ಸರಿಹೋಗುವುದಿಲ್ಲ. ಕಲ್ಲಿನ ಅಂಚು ಕೆಳಗಿನ ಏರಿಗಿಂತ ಮುಂದಕ್ಕೆ ಚಾಚುವ ಮುಂಚಾಚು ಬೇಡ, ಹಿಮ ಗೋರುವಾಗ ಸಲಿಕೆ ಅದಕ್ಕೇ ಸಿಕ್ಕಿಕೊಳ್ಳುತ್ತದೆ.

ರೇಲಿಂಗ್ ಎರಡೂ ಕಡೆ ಇರಲಿ. ಮೆಟ್ಟಿಲ ಅಂಚಿನಿಂದ 90 ಸೆಂ.ಮೀ. ಎತ್ತರ, ಮೇಲೆ ಕೆಳಗೆ ಎರಡೂ ತುದಿಯಲ್ಲಿ 30 ಸೆಂ.ಮೀ. ಮುಂದಕ್ಕೆ ಚಾಚಿರಲಿ. ಕೈಗವಸು ಹಾಕಿದ ಕೈಗೂ ಹಿಡಿತ ಸಿಗುವ ದುಂಡನೆಯ ಪಟ್ಟಿ ಬೇಕು. ಆದರೆ ಕಂಬ ನಿಲ್ಲಿಸಲು ಮೆಟ್ಟಿಲ ಕಲ್ಲಿಗೇ ತೂತು ಕೊರೆಯಲು ಬಿಡಬೇಡಿ. ಆ ತೂತಿಗೆ ನೀರು ಇಳಿಯುತ್ತದೆ, ಹೆಪ್ಪುಗಟ್ಟುತ್ತದೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಒಂದು ದಿನ ಬೆಳಿಗ್ಗೆ ನೋಡಿದರೆ ಕಲ್ಲಿನ ಮೂಲೆ ಬೆಲ್ಲದ ಅಚ್ಚು ಒಡೆದ ಹಾಗೆ ಬೇರೆಯಾಗಿರುತ್ತದೆ. ಹಳೇ ಕಾಲದವರು ತೂತಿಗೆ ಸೀಸ ಕರಗಿಸಿ ಹೊಯ್ಯುತ್ತಿದ್ದುದು ಕಬ್ಬಿಣ ಗಟ್ಟಿಯಾಗಿ ಕೂರಲಿ, ನೀರೂ ಇಳಿಯದಿರಲಿ ಅಂತ. ನೀವು ಕಂಬಗಳನ್ನು ಮೆಟ್ಟಿಲ ಪಕ್ಕದಲ್ಲಿ, ಹೆಪ್ಪುಗಟ್ಟುವ ಆಳಕ್ಕಿಂತ ಕೆಳಗಿಳಿದ ಬೇರೆ ಪಾಯದ ಮೇಲೆ ನಿಲ್ಲಿಸಿ.

ಇದೆಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿ, ಖರ್ಚಿಲ್ಲದ್ದು. ಹಿಮ ಕರಗುವ ಮಧ್ಯಾಹ್ನ ಬಾಗಿಲ ಮುಂದೆ ನಿಂತು ಮೇಲೆ ನೋಡಿ. ಚಾವಣಿಯ ನೀರು ಎಲ್ಲಿ ತೊಟ್ಟಿಕ್ಕುತ್ತಿದೆ? ಮೆಟ್ಟಿಲ ಮೇಲೆಯೇ ಅಲ್ವಾ? ಹಗಲು ತೊಟ್ಟಿಕ್ಕಿದ್ದು ರಾತ್ರಿ ಗಾಜಿನಂತೆ ಗಟ್ಟಿಯಾಗುತ್ತದೆ, ಬೆಳಗಿನ ಕತ್ತಲಲ್ಲಿ ಕಾಣುವುದೇ ಇಲ್ಲ. ತಂದೆಯವರು ಬಿದ್ದದ್ದು ಬೆಳಿಗ್ಗೆಯಾಗಿದ್ದರೆ ನನ್ನ ಅನುಮಾನ ಇದರ ಮೇಲೇ. ಬಾಗಿಲ ಮೇಲೆ ಚಿಕ್ಕದೊಂದು ಸಜ್ಜೆ, ಚಾವಣಿ ಅಂಚಿಗೆ ದೋಣಿ, ಅದರ ಪೈಪಿನ ಬಾಯಿ ಮೆಟ್ಟಿಲಿನಿಂದ ದೂರ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಉಪ್ಪಿನ ವಿಷಯ. ಮಾಮೂಲಿ ಉಪ್ಪು ಮೈನಸ್ 9 ಡಿಗ್ರಿಯವರೆಗೆ ಕೆಲಸ ಮಾಡುತ್ತದೆ ಅನ್ನಬಹುದು. ಲೆಕ್ಕದ ಪ್ರಕಾರ ಉಪ್ಪುನೀರು ಮೈನಸ್ 21ರವರೆಗೂ ಹೆಪ್ಪುಗಟ್ಟದೆ ಇರಬಲ್ಲದು, ಆದರೆ ಅಷ್ಟು ಚಳಿಯಲ್ಲಿ ಮಂಜು ಕರಗುವುದು ತೀರಾ ನಿಧಾನ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಕೆಳಗಿನ ಚಳಿಗೂ ನಡೆಯುತ್ತದೆ. ಗಟ್ಟಿ ಗ್ರಾನೈಟಿಗೆ ಇವು ಅಷ್ಟೇನೂ ಮಾಡುವುದಿಲ್ಲ. ನೀರು ಕುಡಿಯುವ ಕಲ್ಲಾದರೆ ಮಾತ್ರ ಉಪ್ಪು ಸೂಕ್ಷ್ಮ ರಂಧ್ರಗಳಲ್ಲಿ ಹರಳುಗಟ್ಟಿ ಮುಖವನ್ನು ಉದುರಿಸುತ್ತದೆ. ರೇಲಿಂಗಿನ ಕಬ್ಬಿಣಕ್ಕೆ, ಪಕ್ಕದ ಗಿಡಗಳಿಗೆ, ಸಾಕುನಾಯಿಯ ಪಾದಕ್ಕೂ ಉಪ್ಪು ಒಳ್ಳೆಯದಲ್ಲ. ನನ್ನ ಅಭ್ಯಾಸ ಹೇಳುತ್ತೇನೆ: ಹಿಮ ಬಿದ್ದ ತಕ್ಷಣ, ತುಳಿದು ಗಟ್ಟಿಯಾಗುವ ಮೊದಲೇ ಗುಡಿಸುವುದು. ಮಂಜು ಕೂತೇಬಿಟ್ಟಿದ್ದರೆ ಒರಟು ಮರಳು ಎರಚುವುದು. ಮರಳು ಏನನ್ನೂ ಕರಗಿಸುವುದಿಲ್ಲ, ಹಿಡಿತ ಕೊಡುತ್ತದೆ, ಎಷ್ಟೇ ಚಳಿಯಿದ್ದರೂ. ತೀರಾ ಬೇಕಾದರೆ ಒಂದು ಹಿಡಿ ಉಪ್ಪು, ಅದೂ ಕರಗಿದ ಮೇಲೆ ಗುಡಿಸಿ ತೆಗೆಯುವುದು. ಬಿಸಿನೀರು ಮಾತ್ರ ಸುರಿಯಬೇಡಿ. ಅರ್ಧ ಗಂಟೆಯಲ್ಲಿ ಅದೇ ಹೊಸ ಮಂಜು. ಸಲಿಕೆ ಪ್ಲಾಸ್ಟಿಕ್ಕಿನದ್ದಿರಲಿ.

ಕೆಲಸ ಯಾವಾಗ ಹಿಡಿಯಬೇಕು? ನೆಲ ಪೂರ್ತಿ ಕರಗಿ, ನೀರು ಬಸಿದು, ಗಟ್ಟಿಯಾದ ಮೇಲೆ. ಹೆಪ್ಪುಗಟ್ಟಿದ ನೆಲದ ಮೇಲೆ ಜಲ್ಲಿ ತುಂಬಿದರೆ ಕರಗಿದಾಗ ಎಲ್ಲ ಕುಸಿಯುತ್ತದೆ. ಹಳೆ ಕಾಂಕ್ರೀಟನ್ನು ಗುಂಡಿಯಲ್ಲೇ ಬಿಟ್ಟು ಅದರ ಮೇಲೆ ಜಲ್ಲಿ ಹಾಕೋಣ, ಉಳಿತಾಯ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ, ಆ ಕಾಂಕ್ರೀಟ್ ನೀರನ್ನು ಅಲ್ಲೇ ಹಿಡಿದಿಡುತ್ತದೆ. ಒಡೆಸಿ, ತುಂಡುಗಳನ್ನು ಹೊರಗೆ ಸಾಗಿಸಿ. ಮತ್ತೆ, ಗುಂಡಿ ತೋಡಿ ಪೈಪ್ ಹಾಕಿದ ದಿನ, ಜಲ್ಲಿ ಸುರಿಯುವ ಮೊದಲು, ನೀವೇ ನಿಂತು ಎರಡು ಬಕೆಟ್ ನೀರು ಹೊಯ್ಯಿಸಿ. ಪೈಪಿನ ಆ ತುದಿಯಲ್ಲಿ ನೀರು ಬಂದರೆ ಜಲ್ಲಿ ತುಂಬಿ ಅನ್ನಿ. ಬರಲಿಲ್ಲವಾದರೆ ಅವತ್ತಿನ ಕೆಲಸ ಅಲ್ಲೇ ನಿಲ್ಲಿಸಿ.